80 ಸಾವಿರ ಜನ ಮತ್ತು ನಮ್ಮ ಭಾವನ ಸೈಟು

ನಮ್ಮ ಭಾವ ಸೈಟು ನೋಡಲು ಹೊರಟರೆ ಜೊತೆಗೆ ಯಾರಾದರೂ ಇರಲೇಬೇಕು. ಮನುಷ್ಯ ಒಳ್ಳೆಯವರೇ. ಆದರೆ ‘ಇಲ್ಲಿ ದೊಡ್ಡ ಪ್ರಾಜೆಕ್ಟ್ ಬರುತ್ತೆ’ ಅಂತ ಯಾರಾದರೂ ಅಂದರೆ ಸಾಕು, ಅಡ್ವಾನ್ಸ್ ಕೊಡಲು ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಹಾಗಾಗಿ ಈ ಭಾನುವಾರ ಅಕ್ಕ ನನ್ನನ್ನು ಕಾವಲಿಗೆ ಕಳಿಸಿದಳು.

ಆರ್.ವಿ. ರೋಡಿನಲ್ಲಿ ಹಳದಿ ಮಾರ್ಗದ ಮೆಟ್ರೋ ಹತ್ತಿ, ಕೊನೆಯ ನಿಲ್ದಾಣ ಬೊಮ್ಮಸಂದ್ರದಲ್ಲಿ ಇಳಿದೆವು. ಬ್ರೋಕರ್ ಕಾರು ತಂದಿದ್ದ. ಫೋನಿನಲ್ಲಿ ‘ಮೆಟ್ರೋ ಪಕ್ಕದಲ್ಲೇ ಸಾರ್’ ಅಂದಿದ್ದ ಆಸಾಮಿ, ಕಾರಿನಲ್ಲಿ ಹಾಡಿನ ಮೇಲೆ ಹಾಡು ಮುಗಿದರೂ ಬ್ರೇಕ್ ಹಾಕಲಿಲ್ಲ. ಆನೇಕಲ್ ಕಡೆಯ ಸೂರ್ಯನಗರದಲ್ಲಿ ಹೊಸ ಕ್ರಿಕೆಟ್ ಸ್ಟೇಡಿಯಂ ಕಟ್ಟಲು 2025ರಲ್ಲಿ ಸರ್ಕಾರ ಒಪ್ಪಿಗೆ ಕೊಟ್ಟಿದೆಯಲ್ಲ, ಅವನ ವ್ಯಾಪಾರವೆಲ್ಲ ಅದರ ಮೇಲೆ. 80 ಸಾವಿರ ಸೀಟು ಅಂತ ಹೇಳುವಾಗಲೆಲ್ಲ ಎರಡೂ ಕೈ ಅಗಲಿಸುತ್ತಿದ್ದ. ಸ್ಟೇರಿಂಗ್ ಹಿಡಿದಿದ್ದಾಗಲೂ.

ನಾನು ಸುಮ್ನೆ ಕೇಳಿದೆ. “ಅಷ್ಟು ಜನ ಇಲ್ಲಿಗೆ ಹೇಗ್ರೀ ಬರ್ತಾರೆ?”

“ಬರ್ತಾರೆ ಬಿಡಿ ಸಾರ್. ಕೊಹ್ಲಿ ಆಡ್ತಾನೆ ಅಂದ್ರೆ ನಡ್ಕೊಂಡಾದ್ರೂ ಬರ್ತಾರೆ.”

“ಸರಿ, ಹೋಗೋದು?”

ಕನ್ನಡಿಯಲ್ಲಿ ನನ್ನ ಮುಖ ನೋಡಿದ. “ಬಂದೋರು ಹೋಗಲ್ವಾ ಸಾರ್?”

ಭಾವ ನಕ್ಕರು. ಅವರು ನಕ್ಕಿದ್ದು ನನ್ನನ್ನು ನೋಡಿ. (ಸ್ಟೇಡಿಯಂ ಕಟ್ಟಿ ಮುಗಿಯುವ ಹೊತ್ತಿಗೆ ಕೊಹ್ಲಿ ಆಡುತ್ತಿರುತ್ತಾರಾ ಅಂತ ಇಬ್ಬರಲ್ಲಿ ಒಬ್ಬರೂ ಯೋಚಿಸಲಿಲ್ಲ.)

ಬಂದೋರು ಹೋಗಲ್ವಾ? ಈ ವಾರವೆಲ್ಲ ಇದೇ ಮಾತು ತಲೆಯಲ್ಲಿ. ಚಿನ್ನಸ್ವಾಮಿಯಲ್ಲಿ ರಾತ್ರಿ ಮ್ಯಾಚ್ ನೋಡಿದವರಿಗೆ ಉತ್ತರ ಗೊತ್ತು. ಬರುವವರು ಮಧ್ಯಾಹ್ನದಿಂದಲೇ ಒಬ್ಬೊಬ್ಬರಾಗಿ ಬರುತ್ತಾರೆ. ಹೋಗುವುದು ಮದುವೆ ಊಟದ ಪಂಕ್ತಿ ಎದ್ದ ಹಾಗೆ, ಎಲ್ಲರೂ ಒಟ್ಟಿಗೆ. ಕಬ್ಬನ್ ಪಾರ್ಕ್ ನಿಲ್ದಾಣ ಸ್ಟೇಡಿಯಂ ಪಕ್ಕದಲ್ಲೇ ಇದೆ, ಆದರೂ ಮೆಟ್ಟಿಲ ಹತ್ತಿರ ಹೋಗಲು ಸಾಕುಸಾಕಾಗುತ್ತದೆ. ಒಮ್ಮೆ ನನ್ನ ಮುಂದೆ ಒಬ್ಬರು ನಿದ್ದೆ ಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ಮಗುವಿನ ಕೆನ್ನೆಗೆ ಬಳಿದಿದ್ದ ಕೆಂಪು ಬಣ್ಣವೆಲ್ಲ ಅಪ್ಪನ ಕಾಲರಿಗೆ ಮೆತ್ತಿತ್ತು. ಸಾಲು ಎರಡು ಹೆಜ್ಜೆ ಮುಂದೆ ಹೋಗುವುದು, ನಿಲ್ಲುವುದು. ಅಷ್ಟು ಹೊತ್ತು ಅವರು ಮಗುವನ್ನು ಹೆಗಲು ಬದಲಿಸುತ್ತಲೇ ಇದ್ದರು.

ಇದು 35 ಸಾವಿರದ ಆಸುಪಾಸು ಜನ ಕೂರುವ ಸ್ಟೇಡಿಯಂ. ಅದೂ ಊರ ನಡುವೆ. ಚಲ್ಲಘಟ್ಟದ ಕಡೆಯವರು ಒಂದು ಪ್ಲಾಟ್‌ಫಾರ್ಮ್, ವೈಟ್‌ಫೀಲ್ಡ್ ಕಡೆಯವರು ಇನ್ನೊಂದು. ನೂಕುನುಗ್ಗಲು ಬೇಡ ಅನ್ನುವವರು ಎಂ.ಜಿ. ರೋಡ್ ನಿಲ್ದಾಣಕ್ಕೆ ನಡೆಯುತ್ತಾರೆ. ಬಸ್ಸಿನವರು ಶಿವಾಜಿನಗರಕ್ಕೆ. ಜನ ನಾಲ್ಕು ದಿಕ್ಕಿಗೆ ಚದುರುವುದರಿಂದ ಹೇಗೋ ನಡೆಯುತ್ತದೆ.

ಬೊಮ್ಮಸಂದ್ರ ಮಾರ್ಗದ ತುದಿ. ಅಲ್ಲಿಂದ ರೈಲು ಹೋಗುವುದು ಒಂದೇ ದಿಕ್ಕಿಗೆ. ವಾಪಸ್ ಬರುವಾಗ ಟಿಕೆಟ್ ಹಿಂದೆ ಲೆಕ್ಕ ಹಾಕಿದೆ. ಆರು ಬೋಗಿಯ ರೈಲು ತುಂಬಿ ತುಳುಕಿದರೂ ಎರಡು ಸಾವಿರ ಜನ ಅನ್ನಿ. 80 ಸಾವಿರದಲ್ಲಿ ಅರ್ಧ ಜನ ಮಾತ್ರ ಮೆಟ್ರೋಗೆ ಬಂದರೂ 20 ರೈಲು ಬೇಕು. ಐದು ನಿಮಿಷಕ್ಕೊಂದು ಬಿಟ್ಟರೂ ಹೆಚ್ಚುಕಡಿಮೆ ಒಂದೂಮುಕ್ಕಾಲು ಗಂಟೆ. ಮ್ಯಾಚ್ ಮುಗಿಯುವುದೇ ರಾತ್ರಿ ಹನ್ನೊಂದರ ಮೇಲೆ. ಇನ್ನು ಸ್ಟೇಡಿಯಂನಿಂದ ನಿಲ್ದಾಣಕ್ಕೆ ಬರಲು ಬಸ್ಸು ಬೇರೆ. ಉಳಿದರ್ಧ ಜನ ಹೊಸೂರು ರೋಡಿನಲ್ಲಿ ಏನು ಮಾಡುತ್ತಾರೆ ಅಂತ ಯೋಚಿಸಲು ಹೋಗಲಿಲ್ಲ. ಭಾವನಿಗೆ ತೋರಿಸಿದರೆ, “ನೀನು ಕಾಮರ್ಸ್ ಓದಿದ್ದು ವೇಸ್ಟ್ ಆಗಲಿಲ್ಲ ಬಿಡೋ” ಅಂದರು.

ತುದಿಯಲ್ಲಿದ್ದರೆ ಆಗುವುದೇ ಇಲ್ಲ ಅಂತೇನೂ ಇಲ್ಲ. ಮುಂಬೈಯ ವಾಂಖೆಡೆ ಪಕ್ಕದ ಚರ್ಚ್‌ಗೇಟ್ ಕೂಡ ಕೊನೆಯ ನಿಲ್ದಾಣವೇ. ಆದರೆ ಅಲ್ಲಿಂದ ಹೊರಡುವ ಲೋಕಲ್‌ಗಳಿಗೆ 12 ಬೋಗಿ, 15 ಬೋಗಿ. ಮೇಲಾಗಿ ಸ್ಟೇಡಿಯಂ ಕಟ್ಟುವುದಕ್ಕೆ ಎಷ್ಟೋ ಮೊದಲಿಂದ ಅಲ್ಲಿ ರೈಲು ಓಡುತ್ತಿತ್ತು. ನಾವು ಅದನ್ನು ಉಲ್ಟಾ ಮಾಡುವುದರಲ್ಲಿ ನಿಪುಣರು.

‘ಬರ್ತಾರೆ ಬಿಡಿ’ ಅನ್ನುವುದು ಬ್ರೋಕರ್ ಒಬ್ಬನ ಮಾತಾಗಿದ್ದರೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. 2025ರ ಜೂನ್ 4ರಂದು ಜನ ನಿಜಕ್ಕೂ ಬಂದರು. ಆರ್‌ಸಿಬಿ ಐಪಿಎಲ್ ಕಪ್ ಗೆದ್ದ ಮಾರನೇ ದಿನ. ಚಿನ್ನಸ್ವಾಮಿಯ ಗೇಟುಗಳ ಹತ್ತಿರ ಕಾಲ್ತುಳಿತದಲ್ಲಿ 11 ಜನ ಸತ್ತರು. ಆ ದಿನ ಮೆಟ್ರೋದಲ್ಲಿ ಓಡಾಡಿದವರು 9 ಲಕ್ಷಕ್ಕೂ ಜಾಸ್ತಿ. ಸಂಜೆ ಕಬ್ಬನ್ ಪಾರ್ಕಿನಲ್ಲಿ ರೈಲು ನಿಲ್ಲಿಸುವುದನ್ನೇ ಬಿಟ್ಟರು. ಸ್ಟೇಡಿಯಂ ಊರಾಚೆ ಹೋಗಲಿ ಅನ್ನುವ ಮಾತು ಜೋರಾಗಿದ್ದು ಅದಾದ ಮೇಲೆಯೇ. ಜಾಗ ಬದಲಾಗುತ್ತದೆ, ಸರಿ. ಆ ಸಂಜೆ ಎಡವಟ್ಟಾಗಿದ್ದು ಜಾಗದಿಂದಲಾ?

ಬೆಂಗಳೂರು ಉಪನಗರ ರೈಲು ಯೋಜನೆಯಲ್ಲಿ ಹೀಲಲಿಗೆಯಿಂದ ರಾಜಾನುಕುಂಟೆಗೆ ಒಂದು ಮಾರ್ಗವಿದೆ. ಹೀಲಲಿಗೆ ಇರುವುದು ಈ ಕಡೆಗೇ, ಚಂದಾಪುರದ ಹತ್ತಿರ. ಮೊದಲು ಅದನ್ನು ಓಡಿಸಲಿ. ಮೆಟ್ರೋ ನಿಲ್ದಾಣದಿಂದ ಸೂರ್ಯನಗರಕ್ಕೆ ದಿನವೂ ಓಡುವ ಬಸ್ಸು ಬರಲಿ. ಮ್ಯಾಚ್ ದಿನ ಮಾತ್ರ ಬರುವ ಸ್ಪೆಷಲ್ ಬಸ್ಸಲ್ಲ, ಬುಧವಾರ ಬೆಳಿಗ್ಗೆ ಅಲ್ಲಿಯವರು ಕೆಲಸಕ್ಕೆ ಹೋಗುವ ಬಸ್ಸು. ಆಮೇಲೆ ಬೇಕಾದರೆ ಒಂದು ಲಕ್ಷ ಸೀಟು ಹಾಕಲಿ, ನಾನೇ ಭಾವನನ್ನು ಕರೆದುಕೊಂಡು ಹೋಗುತ್ತೇನೆ. ಟಿಕೆಟ್ ದುಡ್ಡು ಮಾತ್ರ ಅವರದ್ದು.