ಹಿತ್ತಲಿಗೊಂದು ಕೊಳ, ಕೊಳಕ್ಕೊಂದು ಕೋಡಿ

ಮೈಸೂರಿನ ನಮ್ಮ ಮನೆಯ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಆಚೆ ಒಂದಿಷ್ಟು ಜಾಗ ಸುಮ್ನೆ ಬಿದ್ದಿತ್ತು. ಹಿಂದೆ ಅಲ್ಲಿ ಕನಕಾಂಬರದ ಪಾತಿ ಇತ್ತು. ಅಲ್ಲೊಂದು ಪುಟ್ಟ ಕೊಳ ಮಾಡಬೇಕು, ನೈದಿಲೆ ಬೆಳೆಸಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ಸಿಮೆಂಟಿನ ತೊಟ್ಟಿ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ತೊಟ್ಟಿಯ ಗೋಡೆ ನೆಟ್ಟಗೆ ಕೆಳಗಿಳಿಯುತ್ತದೆ. ಒಳಗೆ ಬಿದ್ದ ಅಳಿಲಿಗೆ, ಓತಿಕ್ಯಾತಕ್ಕೆ ಹತ್ತಿ ಬರಲು ದಾರಿಯೇ ಇರುವುದಿಲ್ಲ. ನನಗೆ ಬೇಕಿದ್ದದ್ದು ನೆಲ ತೋಡಿ, ಪ್ಲಾಸ್ಟಿಕ್ ಶೀಟು ಹಾಸಿ ಮಾಡುವ, ಕೆರೆಯ ಹಾಗೆ ಇಳಿಜಾರು ಅಂಚು ಇರುವ ಕೊಳ. ಹಕ್ಕಿ ನಡೆದುಕೊಂಡೇ ನೀರಿಗಿಳಿದು ಮಿಂದು ಹೋಗುವಂಥದ್ದು.

ನೋಡಲು ಬಂದವರೆಲ್ಲ ಆಳ ಎಷ್ಟು ಅಂತ ಕೇಳುತ್ತಾರೆ. ಅಂಚು ಹೇಗೆ ಮಾಡಿದಿರಿ ಅಂತ ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಕೊಳದ ಜೀವವೆಲ್ಲ ಇರುವುದು ಅಲ್ಲೇ, ನೀರು ಮಣ್ಣಿಗೆ ತಾಗುವ ಆ ಒಂದು ಮೊಳ ಜಾಗದಲ್ಲಿ.

ಜಾಗ ಗೊತ್ತು ಮಾಡಲು ನಾನು ಆತುರಪಡಲಿಲ್ಲ. ಬಿಸಿಲು ಎಲ್ಲಿ ಬೀಳುತ್ತೆ, ಎಷ್ಟು ಹೊತ್ತು ಇರುತ್ತೆ ಅಂತ ಬೇಸಿಗೆಯಿಡೀ ನೋಡಿದೆ. ನೈದಿಲೆ ಹೂ ಬಿಡಬೇಕಾದರೆ ದಿನಕ್ಕೆ ಐದಾರು ಗಂಟೆಯಾದರೂ ಬಿಸಿಲು ಬೇಕು. ಮಾವಿನ ಮರದ ಬುಡ ತಂಪಾಗಿದೆ, ಅಲ್ಲೇ ತೋಡಿಸು ಅಂತ ಮನೆಯಲ್ಲಿ ಹೇಳಿದರು. ಆದರೆ ಮರದ ಕೆಳಗೆ ಎಲೆ ಉದುರಿ ನೀರಲ್ಲಿ ಕೊಳೆಯುತ್ತದೆ, ನೀರು ಕಪ್ಪಾಗುತ್ತದೆ. ಬೇರಿನ ಕಾಟ ಬೇರೆ. ಬೆಳಗಿನಿಂದ ಚೆನ್ನಾಗಿ ಬಿಸಿಲು ಬಿದ್ದು, ಮೂರು ಗಂಟೆಯ ಮೇಲೆ ಮನೆಯ ನೆರಳು ಬರುವ ಜಾಗವನ್ನೇ ಆರಿಸಿದೆ. ಹಸಿರು ಬಣ್ಣದ ಪೈಪನ್ನು ನೆಲದ ಮೇಲೆ ಸುತ್ತಿ ಕೊಳದ ಆಕಾರ ಮಾಡಿದೆ. ಅಡುಗೆಮನೆ ಕಿಟಕಿಯಿಂದ ನೋಡುವುದು, ಹೋಗಿ ಸರಿಸುವುದು, ಮತ್ತೆ ಬಂದು ನೋಡುವುದು. ಕೊನೆಗೆ ಉದ್ದ 10 ಅಡಿ, ಅಗಲ 7 ಅಡಿಗೆ ನಿಂತಿತು.

ಆಳ ಒಂದೇ ಸಮ ಇಲ್ಲ. ಮೊದಲು ಅರ್ಧ ಅಡಿಯ ಮೆಟ್ಟಿಲು. ಅದರ ಕೆಳಗೆ ಒಂದು ಅಡಿಯದ್ದು. ನಡುವೆ ಮಾತ್ರ ಎರಡೂವರೆ ಅಡಿ. ಮೇಲಿನ ಮೆಟ್ಟಿಲು ಬಜೆ, ಒಂದೆಲಗದಂಥ ಗಿಡಗಳಿಗೆ. ನಡುವಿನ ಗುಂಡಿ ನೈದಿಲೆಗೆ ಮತ್ತು ಮೀನಿಗೆ. ಏಪ್ರಿಲ್ ಬಿಸಿಲಿಗೆ ಮೇಲಿನ ನೀರು ಕಾದಾಗ ಮೀನಿಗೆ ಕೆಳಗೆ ತಂಪು ಬೇಕಲ್ವಾ? ಒಂದು ಕಡೆ ಮೆಟ್ಟಿಲೇ ಇಲ್ಲದೆ ಇಳಿಜಾರು ಬಿಟ್ಟು, ಅಲ್ಲಿ ಬೆಣಚುಕಲ್ಲು ಹಾಸುವುದು ಅಂತ ಲೆಕ್ಕ ಹಾಕಿದೆ.

ಯುಗಾದಿ ಕಳೆದ ಮೇಲೆ ಮೇಸ್ತ್ರಿಯನ್ನು ಕರೆಸಿದೆ. ಮೊದಲಿನಿಂದಲೂ ನಮ್ಮ ಮನೆಗೆ ಬರುವ ಹಿರಿಯರು. ಪೈಪಿನ ಗುರುತು ನೋಡಿ, ಒಂದು ಸುತ್ತು ಬಂದು, ಅವರು ಕೇಳಿದ ಮೊದಲ ಪ್ರಶ್ನೆ: “ಕೋಡಿ ಯಾವ ಕಡೆ ಇಡೋಣ?”

ನನಗೆ ತುಂಬ ಖುಷಿಯಾಯಿತು. ಅವರು ಹುಟ್ಟಿ ಬೆಳೆದದ್ದು ಕೆರೆ ಕೆಳಗಿನ ಊರಿನಲ್ಲಿ. ನೀರು ಹೇಗೆ ತುಂಬಿಸುವುದು ಅನ್ನುವುದಕ್ಕಿಂತ ಮೊದಲು ಜಾಸ್ತಿಯಾದ ನೀರು ಎಲ್ಲಿ ಹೋಗಬೇಕು ಅಂತ ಯೋಚಿಸುವವರು. ಕೆರೆ ತುಂಬಿ ನೀರು ಏರಿಯ ಮೇಲೆ ಹತ್ತಿತೆಂದರೆ ಏರಿ ಕೊಚ್ಚಿಕೊಂಡು ಹೋಗುತ್ತದೆ. ಅದಕ್ಕೇ ಏರಿಗಿಂತ ತಗ್ಗಿನಲ್ಲಿ ಒಂದು ಕಡೆ ಕೋಡಿ ಬಿಟ್ಟಿರುತ್ತಾರೆ. ನಮ್ಮ ಪುಟ್ಟ ಕೊಳಕ್ಕೂ ಅದೇ ಕಟ್ಟಳೆ. ಕಾಂಪೌಂಡಿನ ಪಕ್ಕ ಬಾಳೆ ಇರುವ ಕಡೆಗೆ ಕೋಡಿ ಅಂತ ಗೊತ್ತಾಯಿತು.

ಆಮೇಲೆ ಅವರು ಟ್ಯೂಬ್ ಲೆವೆಲ್ ತೆಗೆದರು. ಉದ್ದನೆಯ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಬೆರಳಿನಿಂದ ತಟ್ಟಿ ತಟ್ಟಿ ಒಳಗಿನ ಗುಳ್ಳೆಗಳನ್ನೆಲ್ಲ ಹೊರಡಿಸಿದರು. ಒಂದು ಗುಳ್ಳೆ ಉಳಿದರೂ ಮಟ್ಟ ತಪ್ಪುತ್ತದಂತೆ. ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಅವರ ಕೈಯಲ್ಲಿ. ಸುತ್ತಲೂ ಗೂಟ ಹೊಡೆದು, ಒಂದೊಂದು ಗೂಟಕ್ಕೂ ನೀರಿನ ಮಟ್ಟದಲ್ಲಿ ಸುಣ್ಣದ ಗೆರೆ ಎಳೆದೆವು. ಕಣ್ಣಿಗೆ ಸಮತಟ್ಟಾಗಿ ಕಾಣುತ್ತಿದ್ದ ನೆಲ ಕಾಂಪೌಂಡಿನ ಕಡೆ ನಾಲ್ಕು ಇಂಚು ತಗ್ಗಿತ್ತು! ಹಾಗೇ ಬಿಟ್ಟಿದ್ದರೆ ಆ ಕಡೆ ನೀರು ಚೆಲ್ಲುವಾಗ ಈ ಕಡೆ ಬರೀ ಪ್ಲಾಸ್ಟಿಕ್ ಕಾಣುತ್ತಿತ್ತು. ಅಗೆದ ಕೆಂಪು ಮಣ್ಣನ್ನೇ ತಗ್ಗಿನ ಕಡೆ ಹಾಕಿ, ನೀರು ಚಿಮುಕಿಸಿ, ದಮ್ಮಸ್ಸು ಹೊಡೆದು ಪುಟ್ಟ ಏರಿ ಕಟ್ಟಿದರು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಹೊತ್ತು ಅದು. ಅವಸರ ಇಲ್ಲ. ಗೆರೆಗೆ ಗೆರೆ ಸರಿಹೋಗುವವರೆಗೂ ಅವರು ಮುಂದಿನ ಗೂಟಕ್ಕೆ ಹೋಗುತ್ತಿರಲಿಲ್ಲ.

ಶೀಟು ಸಿಗುವುದು ಈಗ ಕಷ್ಟವೇನಿಲ್ಲ. 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ಕೃಷಿ ಹೊಂಡದ ಕಪ್ಪು ಶೀಟು ನಮ್ಮ ಹಳ್ಳಿಗಳಿಗೆಲ್ಲ ಪರಿಚಯ. ಡ್ರಿಪ್ ಪೈಪು ಮಾರುವ ಅಂಗಡಿಯಲ್ಲಿ 500 ಮೈಕ್ರಾನ್ ದಪ್ಪದ್ದು ತಂದೆ. ಅಳತೆಯ ಲೆಕ್ಕ ಸುಲಭ. ಉದ್ದಕ್ಕೆ ಆಳದ ಎರಡರಷ್ಟು ಸೇರಿಸಬೇಕು, ಎರಡೂ ತುದಿಗೆ ಒಂದೊಂದು ಅಡಿ ಬಿಡಬೇಕು. ಅಗಲಕ್ಕೂ ಹಾಗೇ. ನಮ್ಮದಕ್ಕೆ 17 ಅಡಿಗೆ 14 ಅಡಿ ಬಂತು. ಮೆಟ್ಟಿಲುಗಳಿಗೆ ಅಂತ ಬೇರೆ ಸೇರಿಸಬೇಕಿಲ್ಲ.

ಹಾಸುವ ದಿನ ಶೀಟನ್ನು ಬೆಳಗ್ಗೆಯೇ ಬಿಸಿಲಿಗೆ ಹರಡಿದೆವು. ತಣ್ಣಗಿದ್ದಾಗ ಅದು ಬಿರುಸು, ಮಡಿಕೆ ಕೂರುವುದಿಲ್ಲ. ಕಾದ ಮೇಲೆ ಕಂಬಳಿಯ ಹಾಗೆ ಬಗ್ಗುತ್ತದೆ. ಅಷ್ಟರಲ್ಲಿ ನಾನು ಗುಂಡಿಯೊಳಗೆ ಬರಿಗಾಲಲ್ಲಿ ಇಳಿದು, ಅಂಗಾಲಿಗೆ ಚುಚ್ಚಿದ ನೊರಜುಕಲ್ಲನ್ನೆಲ್ಲ ಆರಿಸಿ ತೆಗೆದೆ. ಕಾಲಿಗೆ ಚುಚ್ಚುವ ಕಲ್ಲು ಮೂರು ಟನ್ ನೀರಿನ ಭಾರಕ್ಕೆ ಶೀಟನ್ನು ಬಿಡುತ್ತದೆಯೇ? ಮೇಲೆ ಎರಡು ಇಂಚು ಮರಳು, ಅದರ ಮೇಲೆ ಗೊಬ್ಬರದ ಚೀಲ, ಅಮ್ಮನ ಹಳೇ ಸೀರೆಗಳು. ನಾಲ್ಕು ಮೂಲೆಗೆ ನಾಲ್ಕು ಜನ ನಿಂತು ಶೀಟು ಇಳಿಸಿದೆವು. ನಂತರ ನಿಧಾನವಾಗಿ ನೀರು ಬಿಟ್ಟೆವು. ನೀರು ಏರಿದಂತೆಲ್ಲ ಶೀಟು ಮೆಟ್ಟಿಲುಗಳಿಗೆ ಅಂಟಿಕೊಂಡು ಕೂರುತ್ತದೆ, ಸುಕ್ಕುಗಳು ಎದ್ದು ಬರುತ್ತವೆ. ಅವನ್ನು ಒಂದೇ ದಿಕ್ಕಿಗೆ ಮಡಚಿ ಕೈಯಿಂದ ಒತ್ತಬೇಕು. ಪೂರ್ತಿ ತುಂಬುವವರೆಗೆ ಅಂಚಿಗೆ ಕತ್ತರಿ ಹಾಕಬಾರದು.

ಬೋರ್‌ವೆಲ್ ನೀರು ಅರ್ಧಕ್ಕೆ ನಿಲ್ಲಿಸಿದೆ. ಉಳಿದದ್ದು ಮಳೆಗೆ. ಮೈಸೂರಿಗೆ ಮೇ ತಿಂಗಳಲ್ಲೇ ಒಳ್ಳೆ ಮಳೆ ಬರುತ್ತದೆ. 1,000 ಚದರ ಅಡಿ ತಾರಸಿ ಮೇಲೆ ಒಂದು ಇಂಚು ಮಳೆ ಬಿದ್ದರೆ 2,000 ಲೀಟರಿಗೂ ಜಾಸ್ತಿ ನೀರು ಸಿಗುತ್ತದೆ. ಮೊದಲ ಮಳೆಯ ಧೂಳು ನೀರನ್ನು ಹೊರಗೆ ಬಿಟ್ಟೆ. ಆಮೇಲಿನ ಭರಣಿ ಮಳೆ ಕೊಳ ತುಂಬಿಸಿತು.

ಗಿಡಗಳ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ನರ್ಸರಿಯಲ್ಲಿ ನೀಲಿ ಹೂವಿನ ವಾಟರ್ ಹಯಸಿಂತ್ ಸುಮ್ನೆ ಕೊಡುತ್ತೇವೆ ಅಂದರು. ದಕ್ಷಿಣ ಅಮೆರಿಕದಿಂದ ಬಂದು ನಮ್ಮ ಎಷ್ಟೋ ಕೆರೆಗಳನ್ನು ಮುಚ್ಚಿಹಾಕಿದ ಕಳೆ ಅದು. ಮಳೆಗಾಲದಲ್ಲಿ ಕೋಡಿಯಿಂದ ಒಂದು ಗಿಡ ಹೊರಗೆ ಹೋದರೂ ಸಾಕು. ಬೇಡವೇ ಬೇಡ ಅಂದೆ. ನೈದಿಲೆಯ ಗೆಡ್ಡೆಯನ್ನು ಅಗಲ ಬಾಯಿಯ ಟಬ್ಬಿನಲ್ಲಿ ಕೆರೆ ಗೋಡು ತುಂಬಿ ನೆಟ್ಟೆ. ಮೇಲೆ ಜಲ್ಲಿ ಹರಡಿದೆ, ಇಲ್ಲದಿದ್ದರೆ ಗೋಡು ಕದಡುತ್ತದೆ. ಎಲೆಗೊಬ್ಬರ, ಕಾಂಪೋಸ್ಟು ಹಾಕಲಿಲ್ಲ. ನೀರಿನಲ್ಲಿ ಅದು ಕೊಳೆತು ಪಾಚಿಗೆ ಊಟವಾಗುತ್ತದೆ.

ಪಾಚಿ ಹೇಗೂ ಬಂತು. ಕೊಳ ತುಂಬಿದ ಸ್ವಲ್ಪ ದಿನಕ್ಕೇ ನೀರು ಹಸಿರಾಯಿತು. ನೋಡಿದವರೆಲ್ಲ ನೀರು ಬದಲಾಯಿಸಿ ಅಂದರು. ಬದಲಾಯಿಸಿದರೆ ಹೊಸ ನೀರಿನ ಜೊತೆ ಪಾಚಿಗೆ ಹೊಸ ಆಹಾರ ಸಿಕ್ಕಿ ಎಲ್ಲ ಮೊದಲಿನಿಂದ ಶುರು. ನಾನು ಕಾದೆ. ನೈದಿಲೆ ಎಲೆ ಅರ್ಧ ಕೊಳಕ್ಕೆ ಹರಡಿ ನೆರಳಾದ ಮೇಲೆ, ಬಜೆ ಬೇರು ಬಿಟ್ಟ ಮೇಲೆ ನೀರು ತಾನಾಗಿ ತಿಳಿಯಾಯಿತು.

ಪಕ್ಕದ ಮನೆಯವರಿಗೆ ಸೊಳ್ಳೆಯ ಭಯ ಇತ್ತು. ಡೆಂಗಿ ಕಾಲದಲ್ಲಿ ಅದು ಸಹಜ, ತಪ್ಪಲ್ಲ. ಗದ್ದೆ ಕಾಲುವೆಯಿಂದ ಸಣ್ಣ ಮೀನು ತಂದು ಬಿಟ್ಟಿದ್ದೆ. ನೆತ್ತಿಯ ಮೇಲೆ ಬೆಳ್ಳಿಯಂಥ ಒಂದು ಚುಕ್ಕೆ, ಸದಾ ಮೇಲ್ಮಟ್ಟದಲ್ಲೇ ಓಡಾಟ. ಸೊಳ್ಳೆ ಮರಿ ಉಸಿರಾಡಲು ಮೇಲೆ ಬರಲೇಬೇಕು, ಅಲ್ಲಿ ಈ ಮೀನು ಕಾದಿರುತ್ತದೆ. ಹೊರದೇಶದ ಗಂಬೂಸಿಯಾ ಬಿಡಬಹುದಿತ್ತು. ಆದರೆ ಅದು ಗೊದಮೊಟ್ಟೆಗಳಿಗೂ ಬಾಯಿ ಹಾಕುತ್ತದೆ. ಏರೋಪ್ಲೇನ್ ಚಿಟ್ಟೆಗಳು ತಾವಾಗಿಯೇ ಬಂದು ಮೊಟ್ಟೆ ಇಟ್ಟವು. ಅವುಗಳ ಮರಿಗಳೂ ನೀರಿನಲ್ಲಿದ್ದುಕೊಂಡು ಸೊಳ್ಳೆ ಮರಿ ತಿನ್ನುತ್ತವೆ. ಲಾರ್ವಾ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆ ಟಾರ್ಚ್ ಬಿಟ್ಟು, ಬಿಳಿ ಬಟ್ಟಲಿನಲ್ಲಿ ನೀರು ಎತ್ತಿ ಎತ್ತಿ ನೋಡಿದರು. ಒಂದು ಹುಳವೂ ಇರಲಿಲ್ಲ. ಪಕ್ಕದ ಮನೆಯವರನ್ನೂ ಕರೆದು ಬಟ್ಟಲು ತೋರಿಸಿದರು.

ತಂಗಿಯ ಮಗು ಇನ್ನೂ ತಪ್ಪು ಹೆಜ್ಜೆ ಇಡುವ ವಯಸ್ಸಿನದು. ಅಂಥ ಮಗುವಿಗೆ ಗೇಣುದ್ದ ನೀರೂ ಅಪಾಯ. ನೀರಿನ ಮಟ್ಟಕ್ಕಿಂತ ತುಸು ಕೆಳಗೆ ಕಬ್ಬಿಣದ ವೆಲ್ಡ್ ಮೆಶ್ ಕೂರಿಸಿ, ಸುತ್ತ ಬಿದಿರಿನ ಬೇಲಿ ಹಾಕಿಸಿದ್ದೇನೆ. ನೋಟಕ್ಕೆ ಚೂರು ಕಡಿಮೆಯಾಯಿತು ಅನ್ನುವವರಿದ್ದಾರೆ. ಇದರಲ್ಲಿ ನಾನು ರಾಜಿಯಾಗುವುದಿಲ್ಲ.

ಬೆಣಚುಕಲ್ಲಿನ ಇಳಿಜಾರಿಗೆ ಈಗ ಬೆಳಗ್ಗೆ ಪಿಕಳಾರಗಳು ಬರುತ್ತವೆ. ಬಿಸಿಲೇರಿದರೆ ಜೇನುಹುಳಗಳು. ಅವು ತೆರೆದ ನೀರಿಗೆ ಹೋಗುವುದೇ ಇಲ್ಲ, ಒದ್ದೆ ಕಲ್ಲಿನ ಮೇಲೆ ಕೂತು ಹೀರುತ್ತವೆ. ಅಕ್ಟೋಬರಿನ ಜಡಿಮಳೆಯಲ್ಲಿ ಕೋಡಿ ಬಿತ್ತು. ನೀರು ಶೀಟಿನ ಅಂಚು ದಾಟಿ ಚಪ್ಪಡಿಯ ಮೇಲೆ ತೆಳ್ಳಗೆ ಹರಿದು ನೇರ ಬಾಳೆಯ ಪಾತಿಗೆ ಹೋಯಿತು. ಏರಿ ಒಂದು ಚೂರೂ ಕದಲಲಿಲ್ಲ. ಮೇಸ್ತ್ರಿ ಬಂದು ನೋಡಿ, ಕೋಡಿಯಿಂದ ನೀರು ಧುಮುಕುವ ಕಡೆ ಮಣ್ಣು ಸ್ವಲ್ಪ ಕೊರೆಯುತ್ತಿದೆ, ಅಲ್ಲಿಗೊಂದು ಅಗಲವಾದ ಕಲ್ಲು ಬೇಕು ಅಂದರು. ಹಳೇ ಒರಳುಕಲ್ಲು ಮೂಲೆಯಲ್ಲಿ ಬಿದ್ದಿದೆ. ಅದನ್ನೇ ಮಗುಚಿ ಕೂರಿಸಲು ಭಾನುವಾರ ಬರುತ್ತೇನೆಂದು ಹೇಳಿ ಹೋಗಿದ್ದಾರೆ.