ಉಗಾಂಡಾದ ಮಕ್ಕಳು ಮತ್ತೆ ಹಲಸಿನಹಣ್ಣು

ನಮ್ಮ ಶಿವಮೊಗ್ಗದ ಚರ್ಚ್ ಯೂತ್ ಗ್ರೂಪಿಂದ ಉಗಾಂಡಾಗೆ ಮಿಷನ್ ಟ್ರಿಪ್ ಹೋಗಿದ್ವಿ. ಕಂಪಾಲಾದಿಂದ ಒಳಗಡೆ ಒಂದು ಹಳ್ಳಿ, ಕೆಂಪು ಮಣ್ಣು, ಬಾಳೆ ತೋಟ, ತೀರ್ಥಹಳ್ಳಿ ಕಡೆ ಬಂದಂಗೇ ಅನ್ನಿಸ್ತು. ಮೊದಮೊದಲು ಮಕ್ಕಳು ಹತ್ರಾನೇ ಬರ್ತಿರ್ಲಿಲ್ಲ, ಬಾಗಿಲ ಸಂದೀಲಿ ನೋಡಿ ಓಡೋರು. ಒಂದಿನ ಯಾರೋ ಹಲಸಿನಹಣ್ಣು ತಂದಿಟ್ರು, ಹೌದು ಅಲ್ಲೂ ಹಲಸು ಬೇಕಾದಷ್ಟಿದೆ, ನಾನು ಅಜ್ಜಿ ಮನೇಲಿ ಕಲ್ತಂಗೆ ಕೈಗೆ ಎಣ್ಣೆ ಸವರ್ಕೊಂಡು ಕೂತು ಮೇಣ ಒರೆಸಿ ತೊಳೆ ಬಿಡಿಸಿ ಕೊಡೋಕೆ ಶುರು ಮಾಡ್ದೆ, ಒಬ್ಬಳು ಪುಟ್ಟಿ ಬಂದು ಪಕ್ಕ ಕೂತ್ಲು, ಅವಳ ಹಿಂದೆ ಉಳಿದೋರೆಲ್ಲ ಬಂದ್ರು. ಆಮೇಲೆ ಬಿಡ್ಲೇ ಇಲ್ಲ! ಒಣಗಿದ ಬಾಳೆ ನಾರು ಸುತ್ತಿ ಬಿಗಿಯಾಗಿ ಕಟ್ಟಿದ ಫುಟ್ಬಾಲ್ ತಂದು ಆಟಕ್ಕೆ ಎಳ್ಕೊಂಡು ಹೋದ್ರು.

ಪ್ರೋಗ್ರಾಂ, ಸ್ಕಿಟ್ ಎಲ್ಲ ಆಮೇಲೆ ಇಟ್ಕೋಬೇಕು, ಮೊದಲು ಮಕ್ಕಳ ಜೊತೆ ನೆಲದ ಮೇಲೆ ಕೂರ್ಬೇಕು ಅಂತ ನಂಗೆ ಗಟ್ಟಿಯಾಗಿ ಅನ್ಸುತ್ತೆ.

ಬೈಬಲ್ ಕಥೆ ಹೇಳೋಕೆ ಹೋದ್ರೆ ಅವ್ರೇ ನಮಗೆ ಕಥೆ ಹೇಳಿದ್ರು. 1964ರಲ್ಲಿ ಸಂತ ಪದವಿ ಸಿಕ್ಕ 22 ಉಗಾಂಡಾ ಹುತಾತ್ಮರಲ್ಲಿ ಎಲ್ರಿಗಿಂತ ಚಿಕ್ಕೋನು ಕಿಜಿಟೊ, ಸುಮಾರು 14 ವರ್ಷದ ಹುಡುಗ, ಕಂಪಾಲಾ ಹತ್ರದ ನಮುಗೊಂಗೊ ಅನ್ನೋ ಜಾಗದಲ್ಲಿ ಕ್ರೈಸ್ತ ನಂಬಿಕೆಗೋಸ್ಕರ ಜೀವ ಕೊಟ್ಟ, ಜೂನ್ 3ಕ್ಕೆ ಅಲ್ಲಿ ದೊಡ್ಡ ಹಬ್ಬ. ಅವ್ರಿಗೆ ಕಿಜಿಟೊ ಅಂದ್ರೆ ಮನೆ ಅಣ್ಣನೇ. ನಿಮ್ಮೂರ ಚರ್ಚ್ ಹೆಂಗಿದೆ ಅಂತ ಕೇಳಿದ್ರು, ನಮ್ಮ ಸೇಕ್ರೆಡ್ ಹಾರ್ಟ್ ಫೋಟೋ ತೋರಿಸ್ದೆ, ಮೊಬೈಲ್ ಎಲ್ಲರ ಕೈ ಸುತ್ಕೊಂಡು ವಾಪಸ್ ಬರೋಷ್ಟರಲ್ಲಿ ಸಂಜೆ ಆಗಿತ್ತು.