ಪ್ಲಸ್ ಇದ್ದರೆ ತಪ್ಪಂತೆ

"ಮೇಡಂ, ಈ ಮೇಲ್ ಐಡಿ ತಪ್ಪು. ಪ್ಲಸ್ ಎಲ್ಲ ಇರಲ್ಲ."

ಮಂಗಳವಾರ ಹಾಸನದ ಬ್ಯಾಂಕ್ ಒಂದರಲ್ಲಿ ಕೌಂಟರಿನ ಹುಡುಗ ನಮ್ಮ ಅತ್ತೆಗೆ ಹೇಳಿದ ಮಾತಿದು. ಅತ್ತೆ ಕೈಯಲ್ಲಿದ್ದ ಚೀಟಿ ನೋಡಿದರು, ಅವನ ಮುಖ ನೋಡಿದರು. "ತಪ್ಪಾಗಿದ್ರೆ ಇಷ್ಟು ದಿನ ಮೇಲ್ ಹೆಂಗಪ್ಪ ಬಂತು?" ಟೀಚರ್ ಆಗಿ ರಿಟೈರ್ ಆದವರು. ದನಿ ಏರಿಸಲಿಲ್ಲ. ಅವನ ಹತ್ತಿರ ಉತ್ತರ ಇರಲಿಲ್ಲ. ಪರದೆ ತಿರುಗಿಸಿ ತೋರಿಸಿದ. ಕೆಂಪಕ್ಷರದಲ್ಲಿ 'ಇನ್‌ವ್ಯಾಲಿಡ್' ಅಂತ ಇತ್ತು. ಮೂರು ದಿನದಿಂದ ಅತ್ತೆಯ ಆ ಪ್ರಶ್ನೆ ನನ್ನ ಕಿವಿಯಲ್ಲೇ ಇದೆ.

ಆ ಪ್ಲಸ್ ಸುಮ್ನೆ ಬಂದದ್ದಲ್ಲ. ಅತ್ತೆಯ ಮಗ ಬೇಕಂತಲೇ ಹಾಕಿಕೊಟ್ಟಿದ್ದ. ಜಿಮೇಲಿನಲ್ಲಿ ಹೆಸರಾದ ಮೇಲೆ, ಅಟ್ ಚಿಹ್ನೆಗೆ ಮೊದಲು, ಪ್ಲಸ್ ಹಾಕಿ ಯಾವ ಪದ ಸೇರಿಸಿದರೂ ಮೇಲ್ ಅದೇ ಇನ್‌ಬಾಕ್ಸಿಗೆ ಬರುತ್ತದೆ. 'ಪ್ಲಸ್ ಪೆನ್ಷನ್' ಅಂತ ಕೊಟ್ಟರೆ ಪೆನ್ಷನ್ ಮೇಲ್‌ಗಳೆಲ್ಲ ಒಂದು ಕಡೆ ಸೇರುವ ಹಾಗೆ ಫಿಲ್ಟರ್ ಇಡಬಹುದು. ಇದೇನೂ ಕಳ್ಳದಾರಿಯಲ್ಲ. ಪ್ಲಸ್, ಹೈಫನ್, ಅಂಡರ್‌ಸ್ಕೋರ್, ಆಶ್ಚರ್ಯಸೂಚಕ ಕೂಡ ಇರಬಹುದು ಅಂತ ಇಮೇಲಿನ ನಿಯಮದಲ್ಲೇ ಇದೆ. ಇಂಟರ್ನೆಟ್ಟಿನ ಇಂಥ ನಿಯಮಗಳನ್ನು ಬರೆದಿಟ್ಟ ದಾಖಲೆಗಳಿಗೆ ಆರ್‌ಎಫ್‌ಸಿ ಅನ್ನುತ್ತಾರೆ. 1982ರ ಆರ್‌ಎಫ್‌ಸಿ 822ರಲ್ಲೂ ಇತ್ತು, 2008ರ ಆರ್‌ಎಫ್‌ಸಿ 5322ರಲ್ಲೂ ಇದೆ. ಆದರೆ ಬ್ಯಾಂಕಿನ ಸಾಫ್ಟ್‌ವೇರ್ ಬರೆದವರು ಅಕ್ಷರ, ಅಂಕಿ, ಚುಕ್ಕೆ ಸಾಕು ಅಂತ ತಾವೇ ತೀರ್ಮಾನ ಮಾಡಿಬಿಟ್ಟಿದ್ದಾರೆ.

ನನ್ನ ಎದೆ ಧಸಕ್ಕೆಂದದ್ದು ಹುಡುಗನ ಮುಂದಿನ ಮಾತಿಗೆ. "ಪ್ಲಸ್ ತೆಗೆದು ಹಾಕ್ತೀನಿ ಬಿಡಿ ಮೇಡಂ." ಬರೀ ಪ್ಲಸ್ ತೆಗೆದರೆ ಹೆಸರೂ ಪೆನ್ಷನ್ನೂ ಅಂಟಿಕೊಂಡು ಅದು ಬೇರೆಯದೇ ವಿಳಾಸ ಆಗುತ್ತದೆ. ಅದು ಇನ್ಯಾರದ್ದೋ ಆಗಿದ್ದರೆ ಅತ್ತೆಯ ಸ್ಟೇಟ್‌ಮೆಂಟ್ ತಿಂಗಳು ತಿಂಗಳೂ ಅವರ ಪಾಲು. ತಡೆದು, ಪ್ಲಸ್ಸಿನಿಂದ ಅಟ್‌ವರೆಗೆ ಇದ್ದದ್ದನ್ನೆಲ್ಲ ತೆಗೆಸಿದೆ. ಹುಡುಗ ಒಳ್ಳೆಯವನು, ಹೇಳಿದ್ದನ್ನು ಕೇಳಿಸಿಕೊಂಡ. ಹಿಂದೆ ಕೂತಿದ್ದ ಅಧಿಕಾರಿ ಮಾತ್ರ ತಲೆ ಎತ್ತದೆ, "ಎಲ್ಲರ ತರ ಒಂದು ಐಡಿ ಮಾಡ್ಕೊಳ್ಳಿ" ಅಂದರು. ಅವರ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಎಲ್ಲರ ತರ ಅಂದರೆ ಯಾರ ತರ? ನಮ್ಮ ಕಡೆ ಹೆಸರಿನ ಹಿಂದೆ ಊರಿನದೊಂದು, ಅಪ್ಪನದೊಂದು ಇನಿಶಿಯಲ್ ಇರುತ್ತದೆ. ಫಾರಂಗಳು 'ಲಾಸ್ಟ್ ನೇಮ್' ಕೇಳುತ್ತವೆ. ಒಂದಕ್ಷರ ಸಾಲದು ಅನ್ನುತ್ತವೆ, ಚುಕ್ಕೆ ಬೇಡ ಅನ್ನುತ್ತವೆ. 2012ರ ಆರ್‌ಎಫ್‌ಸಿ 6531 ಕನ್ನಡ ಅಕ್ಷರದಲ್ಲೇ ಇಮೇಲ್ ವಿಳಾಸಕ್ಕೆ ದಾರಿ ಮಾಡಿಕೊಟ್ಟಿದೆ. 'ಡಾಟ್ ಕಾಮ್' ಇದ್ದ ಹಾಗೆ ವಿಳಾಸದ ಕೊನೆಗೆ ಹಾಕಲು ಕನ್ನಡ ಲಿಪಿಯಲ್ಲಿ 'ಡಾಟ್ ಭಾರತ' ಕೂಡ ಇದೆ. ಒಂದು ಪ್ಲಸ್ಸನ್ನೇ ಒಪ್ಪದ ಆ ಪರದೆ ಕನ್ನಡದ ವಿಳಾಸವನ್ನು ಒಪ್ಪುತ್ತದೆಯೇ? ಆಗಲೂ ತಪ್ಪು ಕೌಂಟರಿನ ಈಚೆ ನಿಂತವರದ್ದೇ ಆಗುತ್ತದೆ, ಅಲ್ವಾ?

ಬ್ಯಾಂಕಿಗೆ ಬರೆದು ಕಳಿಸಿದ್ದೇನೆ. ಕೇಳಿರುವುದು ಇಷ್ಟೇ: ವಿಳಾಸ ಸರಿಯಿದೆಯೇ ಅಂತ ತಿಳಿಯಬೇಕಿದ್ದರೆ ಅದಕ್ಕೊಂದು ಒಟಿಪಿ ಕಳಿಸಿ ನೋಡಿ. ಬಂದದ್ದನ್ನು ಅತ್ತೆ ಓದಿ ಹೇಳುತ್ತಾರೆ.